ಶಿಕ್ಷಕರ ಶಿಕ್ಷಕ ಡೆಪ್ಯುಟಿ ಚನ್ನಬಸಪ್ಪನವರು

ಹುದ್ದೆಯ ಹೆಸರೊಂದು ಮನುಷ್ಯನ ಹೆಸರಿಗೆ ಅಂಟಿಕೊಂಡು, ಅವನು ಗತಿಸಿ ಒಂದೂವರೆ ಶತಮಾನ ಸಮೀಪಿಸಿದರೂ ಬಿಡದೆ ಉಳಿಯುವುದು ಅಪರೂಪ. ಧಾರವಾಡದ ಚನ್ನಬಸಪ್ಪನವರಿಗೆ ಹಾಗೆ ಉಳಿದ ಹೆಸರು ಡೆಪ್ಯುಟಿ. ಅವರು ಡೆಪ್ಯುಟಿ ಕಲೆಕ್ಟರರಾಗಿರಲಿಲ್ಲ, ಕಂದಾಯ ವಸೂಲಿಯ ಅಧಿಕಾರವಾಗಲಿ ನ್ಯಾಯದಾನದ ಅಧಿಕಾರವಾಗಲಿ ಅವರಿಗೆ ಇರಲಿಲ್ಲ. ಅವರು ವಿದ್ಯಾ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರು. ಊರೂರು ತಿರುಗಿ ಶಾಲೆಗಳನ್ನು ನೋಡುವುದು, ಮಕ್ಕಳನ್ನು ಪರೀಕ್ಷಿಸುವುದು, ಶಿಕ್ಷಕನ ಕೆಲಸವನ್ನು ಅಳೆದು ಮೇಲಿನವರಿಗೆ ವರದಿ ಮಾಡುವುದು ಆ ಹುದ್ದೆಯ ಕರ್ತವ್ಯ. ಅಳೆಯಲು ಬರುವವನನ್ನು ಯಾವ ಕಾಲದಲ್ಲಿಯೂ ಶಿಕ್ಷಕರು ಅಷ್ಟಾಗಿ ಪ್ರೀತಿಸಿದ್ದಿಲ್ಲ. ಆದರೂ ಈ ಒಬ್ಬ ಅಧಿಕಾರಿಯ ಹುದ್ದೆಯನ್ನೇ ನಾಡು ಗೌರವದ ಬಿರುದನ್ನಾಗಿ ಮಾಡಿಕೊಂಡಿತು. ಅದಕ್ಕೆ ಕಾರಣವೇನೆಂದು ಅವರ ಜೀವನವನ್ನು ನೋಡಿದರೆ ತಿಳಿಯುತ್ತದೆ.

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ತಂದೆಯವರ ಹೆಸರು ಬಸಲಿಂಗಪ್ಪ. ಪೇಶ್ವೆಯ ಆಳ್ವಿಕೆ ಮುಗಿದು, 1818ರಿಂದ ಆ ಸೀಮೆಯು ಇಂಗ್ಲಿಷರ ಕೈಸೇರಿ, ಬೊಂಬಾಯಿ ಪ್ರಾಂತದ ದಕ್ಷಿಣದ ಅಂಚಾಗಿ ಮಾರ್ಪಟ್ಟಿದ್ದ ಕಾಲವದು. ರಾಜ್ಯ ಬದಲಾಗಿತ್ತು, ದಫ್ತರದ ಭಾಷೆ ಬದಲಾಗಿರಲಿಲ್ಲ. ಲೆಕ್ಕ ಬರೆಯುವುದು ಮರಾಠಿಯಲ್ಲಿ, ಅರ್ಜಿ ಬರೆಯುವುದು ಮರಾಠಿಯಲ್ಲಿ, ಸರಕಾರ ಶಾಲೆ ತೆರೆದರೆ ಅಲ್ಲಿಯೂ ಮರಾಠಿ. ಹೊಲದಲ್ಲಿ, ಸಂತೆಯಲ್ಲಿ, ಲಿಂಗಪೂಜೆಯ ಮನೆಯಲ್ಲಿ ಜನರು ಆಡುತ್ತಿದ್ದುದು ಮಾತ್ರ ಕನ್ನಡ. ವಾಲ್ಟರ್ ಎಲಿಯಟ್‌ನಂತಹ ಬೆರಳೆಣಿಕೆಯ ಅಧಿಕಾರಿಗಳು ಇದನ್ನು ಗಮನಿಸಿ ಧಾರವಾಡದಲ್ಲಿ ಕನ್ನಡ ಕಲಿಕೆಗೆ ಬೆಂಬಲ ಕೊಟ್ಟಿದ್ದುಂಟು. ಅದು ಕತ್ತಲೆಯ ಮನೆಯಲ್ಲಿ ಒಂದು ಹಣತೆಯಷ್ಟು ಮಾತ್ರ.

ಸರಕಾರದ ಶಾಲೆಗಳಿಗಿಂತ ಮೊದಲೇ ನಮ್ಮ ಹಳ್ಳಿಗಳಲ್ಲಿ ವಿದ್ಯೆ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಅಯ್ಯಗಳ ಮಠ ಎಂದು ಹೆಸರು. ಊರ ಮಠದ ಅಯ್ಯನವರೇ ಗುರುಗಳು, ಮಠದ ಪಡಸಾಲೆಯೇ ಶಾಲೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು; ಪಾವು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಸಾಮೂಹಿಕವಾಗಿ ಒಪ್ಪಿಸುತ್ತಿದ್ದರು. ಗುರುವಿಗೆ ಸಂಬಳವೆಂದರೆ ಮನೆಮನೆಯಿಂದ ಬರುವ ಕಾಳು ಕಡಿ ಮತ್ತು ಹಬ್ಬದ ಕಾಣಿಕೆ. ಅವನ ಕೆಲಸದ ಪರೀಕ್ಷೆಗೆ ದೂರದಿಂದ ಯಾರೂ ಬರಬೇಕಾಗಿರಲಿಲ್ಲ. ಮಗನು ಅಂಗಡಿಯ ಲೆಕ್ಕ ಹಿಡಿದನೇ, ಪುರಾಣ ಓದಿದನೇ ಎಂಬುದನ್ನು ತಾಯಿತಂದೆಗಳೇ ನೋಡುತ್ತಿದ್ದರು. ಕಾಳಿನ ಅಳತೆಯಲ್ಲಿಯೇ ಊರಿನ ಅಭಿಪ್ರಾಯ ಗುರುವಿಗೆ ತಿಳಿಯುತ್ತಿತ್ತು. ಈ ಮಠಗಳನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಅಲ್ಲಿ ಬೆತ್ತದ ಆಳ್ವಿಕೆ ಜೋರಾಗಿಯೇ ಇತ್ತು, ಹೆಣ್ಣುಮಕ್ಕಳಿಗೆ ಪ್ರವೇಶ ವಿರಳವಾಗಿತ್ತು, ಎಲ್ಲ ಜಾತಿಯ ಮಕ್ಕಳಿಗೂ ಪಡಸಾಲೆ ತೆರೆದಿರಲಿಲ್ಲ. ಆದರೆ ಶಾಲೆಗೆ ಮಠವೆಂದೇ ಕರೆಯುವ ವಾಡಿಕೆ ಆ ಸೀಮೆಯಲ್ಲಿ ಬಹುಕಾಲ ಉಳಿಯಿತು. ಚನ್ನಬಸಪ್ಪನವರ ಜೀವನದ ಒಂದು ಮುಖ್ಯ ಕಾರ್ಯಕ್ಕೆ ಈ ವಾಡಿಕೆಯೇ ಹೆಸರನ್ನು ಕೊಟ್ಟಿತು, ಅದನ್ನು ಮುಂದೆ ನೋಡೋಣ.

ಧಾರವಾಡದಲ್ಲಿ ದೊರೆತಷ್ಟು ವಿದ್ಯೆ ಮುಗಿಸಿ ಅವರು ಇಂಗ್ಲಿಷ್ ಕಲಿಯಲು ಪುಣೆಗೆ ಹೋದರು. ಇಂದು ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿದವರು ಬೆಳಗಾಗುವಷ್ಟರಲ್ಲಿ ಧಾರವಾಡದಲ್ಲಿ ಇಳಿಯುತ್ತೇವೆ. ಅಂದು ಆ ಸೀಮೆಗೆ ರೈಲಿನ ಹಳಿಯೇ ಬಂದಿರಲಿಲ್ಲ. ಧಾರವಾಡದಿಂದ ಪುಣೆಗೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಲಿಂಗಾಯತ ಮನೆತನಗಳಲ್ಲಿ ಒಕ್ಕಲುತನ, ವ್ಯಾಪಾರ ಬಿಟ್ಟು ಇಂಗ್ಲಿಷ್ ವಿದ್ಯೆಗಾಗಿ ಮಗನನ್ನು ಪರಸ್ಥಳಕ್ಕೆ ಕಳುಹಿಸುವ ಯೋಚನೆಯೇ ಇಲ್ಲದ ದಿನಗಳಲ್ಲಿ ಆ ತರುಣರು ಅಷ್ಟು ದೂರ ನಡೆದದ್ದು ಸಣ್ಣ ಸಂಗತಿಯಲ್ಲ. ಪುಣೆಯಲ್ಲಿ ಅವರು ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ವಶಮಾಡಿಕೊಂಡರು. ಮುಂದೆ ಕನ್ನಡ ಶಾಲೆಗಳಿಗಾಗಿ ದುಡಿದವರಿಗೆ ಮರಾಠಿಯ ಮೇಲೆ ದ್ವೇಷವಿತ್ತೆಂದು ಯಾರೂ ತಿಳಿಯಬಾರದೆಂದು ಇದನ್ನು ಹೇಳಬೇಕಾಯಿತು.

1854ರಲ್ಲಿ ಇಂಗ್ಲೆಂಡಿನಿಂದ ಚಾರ್ಲ್ಸ್ ವುಡ್ಡನ ಶಿಕ್ಷಣ ಆಜ್ಞಾಪತ್ರ ಬಂದಿತು. ಮರುವರ್ಷ ಬೊಂಬಾಯಿ ಪ್ರಾಂತದಲ್ಲಿ ವಿದ್ಯಾ ಖಾತೆ ಸ್ಥಾಪನೆಯಾಯಿತು. ಇನ್‌ಸ್ಪೆಕ್ಟರ್, ಅವನ ಕೈಕೆಳಗೆ ಜಿಲ್ಲೆಗಳಿಗೆ ಡೆಪ್ಯುಟಿ ಇನ್‌ಸ್ಪೆಕ್ಟರ್ ಎಂಬ ಏಣಿಶ್ರೇಣಿ ಆಗಲೇ ರೂಪುಗೊಂಡದ್ದು. 1860ರ ದಶಕದಲ್ಲಿ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರ ವಿಧಿಸಿ, ಅದರ ಮೂರನೆಯ ಒಂದು ಭಾಗವನ್ನು ಶಿಕ್ಷಣಕ್ಕೆಂದು ತೆಗೆದಿಟ್ಟ ಮೇಲೆ ಹಳ್ಳಿಗಳಲ್ಲಿ ಶಾಲೆಗಳು ಹೆಚ್ಚತೊಡಗಿದವು. ಶಾಲೆ ಹೆಚ್ಚಿದಂತೆ ಶಿಕ್ಷಕರು ಬೇಕಾದರು. ಆ ಶಿಕ್ಷಕರನ್ನು ತಯಾರುಮಾಡಲು ನಾರ್ಮಲ್ ಸ್ಕೂಲು ಬಂದಿತು. ಚನ್ನಬಸಪ್ಪನವರು ಅದರ ಮುಖ್ಯಾಧ್ಯಾಪಕರಾಗಿ ದುಡಿದರು. ಬಳಿಕ ಬೆಳಗಾವಿ ಸೀಮೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾದರು.

ಈ ಅನುಕ್ರಮ ಮಹತ್ವದ್ದು. ಶಿಕ್ಷಕನಿಗೆ ಪಾಠ ಹೇಳುವುದನ್ನು ಕಲಿಸಿದವರೇ ಆಮೇಲೆ ಅವನ ಪಾಠವನ್ನು ಪರೀಕ್ಷಿಸಲು ಹೋದರು. ತಾನು ಕಲಿಸಿದ್ದರ ಫಲವನ್ನೇ ಅವರು ಪ್ರತಿ ಹಳ್ಳಿಯ ಶಾಲೆಯಲ್ಲಿ ಕಾಣಬೇಕಾಗಿತ್ತು. ಶಿಕ್ಷಕ ಸೋತಿದ್ದರೆ ಅದರಲ್ಲಿ ಪರೀಕ್ಷಕನ ಪಾಲೂ ಇರುತ್ತಿತ್ತು. ಅಂಥ ಪಾಲು ಇಲ್ಲದವನಿಗೆ ಶಿಕ್ಷಕನನ್ನು ಅಳೆಯುವ ಅಧಿಕಾರ ಇರಬಹುದು, ಅರ್ಹತೆ ಎಷ್ಟರಮಟ್ಟಿಗೆ ಇರುತ್ತದೆಂದು ನನಗೆ ಸಂಶಯವುಂಟು.

ಡೆಪ್ಯುಟಿ ಸಾಹೇಬರ ಭೇಟಿಯೆಂದರೆ ಆ ಕಾಲದ ಹಳ್ಳಿಗೆ ದೊಡ್ಡ ಪ್ರಸಂಗ. ಶಾಲೆಗೆ ಸುಣ್ಣ ಸಾರಣೆ ನಡೆಯುವುದು, ಮಕ್ಕಳು ತೊಳೆದ ಅಂಗಿ ತೊಟ್ಟು ಸಾಲಾಗಿ ಕೂಡುವುದು, ಗೌಡ ಕುಲಕರ್ಣಿಯರು ಬಂದು ನಿಲ್ಲುವುದು. ಡೆಪ್ಯುಟಿಯು ತರಗತಿಗೊಂದರಂತೆ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸಿ, ಯಾರು ಮೇಲಿನ ಇಯತ್ತೆಗೆ ಹೋಗಬೇಕೆಂದು ತೀರ್ಮಾನಿಸಿ, ಕೊನೆಗೆ ಶೇರಾ ಬರೆದು ಹೋಗುವುದು. ಶೇರಾ ಎಂಬ ಮಾತು ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಅಧಿಕಾರಿಯು ಬರೆಯುವ ಷರಾ, ಅಭಿಪ್ರಾಯ ಎಂದು ಅದರ ಅರ್ಥ. ಆ ಎರಡು ಸಾಲಿನ ಶೇರಾದ ಮೇಲೆ ಬಡ ಪಂತೋಜಿಯ ಬಡತಿ, ವರ್ಗಾವಣೆ, ಮಾನ ಎಲ್ಲವೂ ನಿಂತಿರುತ್ತಿದ್ದವು.

ಚನ್ನಬಸಪ್ಪನವರು ಈ ಹುದ್ದೆಯಲ್ಲಿ ಊರೂರು ತಿರುಗಿದಾಗ ಎದುರಾದ ಚಿತ್ರ ಇದು. ಮನೆಯಲ್ಲಿ ಅಪ್ಪಟ ಕನ್ನಡವಾಡುವ ಹುಡುಗನು ಮರಾಠಿ ಪುಸ್ತಕ ಹಿಡಿದು ಕೂತಿದ್ದಾನೆ. ಪಾಠದ ಮಾತು ಅವನ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಅವನಿಗೆ ಉರುಹೊಡೆಯುವುದಲ್ಲದೆ ಬೇರೆ ದಾರಿಯಿಲ್ಲ, ಶಿಕ್ಷಕನಿಗೆ ಉರುಹೊಡೆಸುವುದಲ್ಲದೆ ಬೇರೆ ದಾರಿಯಿಲ್ಲ. ಅನೇಕ ಊರುಗಳಲ್ಲಿ ಇದಕ್ಕಿಂತ ಮುಂಚಿನ ಪ್ರಶ್ನೆಯೇ ಬೇರೆ. ತಿಳಿಯದ ಮಾತಿನ ಶಾಲೆಗೆ ಮಗುವನ್ನು ಕಳುಹಿಸಿ ಬರುವ ಲಾಭವೇನೆಂದು ಒಕ್ಕಲಿಗ ತಂದೆ ಹುಡುಗನನ್ನು ದನದ ಹಿಂದೆ ಕಳುಹಿಸಿಬಿಡುತ್ತಿದ್ದನು. ಹೀಗಿರುವ ಶಾಲೆಯನ್ನು ಪರೀಕ್ಷಿಸಿದರೆ ಮಕ್ಕಳು ದಡ್ಡರೆಂದೂ ಶಿಕ್ಷಕನು ಅಸಮರ್ಥನೆಂದೂ ಬರೆಯುವುದು ಎಷ್ಟು ಸುಲಭ! ಅಂಕಿಗಳು ಅದನ್ನೇ ಹೇಳುತ್ತವೆ. ಹಾಜರಿ ಕಡಿಮೆ, ಉತ್ತೀರ್ಣರಾದವರು ಕಡಿಮೆ, ಆದ್ದರಿಂದ ಶಿಕ್ಷಕ ಕಡಿಮೆ.

ಚನ್ನಬಸಪ್ಪನವರು ಮಾಡಿದ್ದು ಇದಕ್ಕೆ ತೀರ ಬೇರೆಯಾದ ಕೆಲಸ. ದೋಷ ಶಿಕ್ಷಕನಲ್ಲಿಯೂ ಇಲ್ಲ, ಮಗುವಿನಲ್ಲಿಯೂ ಇಲ್ಲ, ಅವರಿಬ್ಬರ ನಡುವೆ ತಂದಿಟ್ಟ ಭಾಷೆಯಲ್ಲಿದೆಯೆಂದು ಅವರು ಕಂಡುಕೊಂಡರು. ಮತ್ತು ಕಂಡುದನ್ನು ವರದಿಯಲ್ಲಿ ಬರೆದು ಕೈತೊಳೆದುಕೊಳ್ಳಲಿಲ್ಲ. ಮರಾಠಿ ಶಾಲೆಗಳನ್ನು ಒಂದೊಂದಾಗಿ ಕನ್ನಡ ಶಾಲೆಗಳನ್ನಾಗಿ ಮಾರ್ಪಡಿಸುತ್ತ ಹೋದರು. ಶಾಲೆಯಿಲ್ಲದಲ್ಲಿ ಕನ್ನಡ ಶಾಲೆಗಳನ್ನು ತೆರೆಸಿದರು. ಮಕ್ಕಳನ್ನು ಕಳುಹಿಸಿರೆಂದು ತಾಯಿತಂದೆಗಳ ಮನವೊಲಿಸಿದರು. ಇದಕ್ಕೆ ಕಚೇರಿಗಳಲ್ಲಿ ಎದುರು ನಿಂತವರು ಕಡಿಮೆಯಿರಲಿಲ್ಲ. ಮರಾಠಿಯೇ ಆಡಳಿತದ ಭಾಷೆಯಾಗಿದ್ದಾಗ ಕನ್ನಡ ಕಲಿತವನಿಗೆ ನೌಕರಿ ಎಲ್ಲಿಯದೆಂಬ ವಾದ ಬಲವಾಗಿಯೇ ಇತ್ತು, ಅದರಲ್ಲಿ ಲೌಕಿಕ ಸತ್ಯವೂ ಇತ್ತು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದ ರಸೆಲ್ ಸಾಹೇಬರು ಕನ್ನಡದ ಪರವಾಗಿ ನಿಂತದ್ದು ಚನ್ನಬಸಪ್ಪನವರಿಗೆ ಆನೆಬಲವಾಯಿತು. ವೆಂಕಟ ರಂಗೋ ಕಟ್ಟಿ, ರೊದ್ದ ಶ್ರೀನಿವಾಸರಾವ್, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದ ವಿದ್ವಾಂಸರು ಜೊತೆಯಾದರು. ಜಾತಿಮತಗಳ ಗೋಡೆ ಎತ್ತರವಾಗಿದ್ದ ದಿನಗಳಲ್ಲಿ ಈ ಗೆಳೆಯರ ಬಳಗ ಒಂದೇ ಕೆಲಸಕ್ಕೆ ಹೆಗಲು ಕೊಟ್ಟಿತು.

ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1862ರಲ್ಲಿ ಅಲ್ಲಿನ ಸರಕಾರ ಹೊಸ ನಿಯಮವೊಂದನ್ನು ತಂದಿತು. ಇನ್‌ಸ್ಪೆಕ್ಟರನು ಶಾಲೆಗೆ ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸಬೇಕು. ಮಗು ತಪ್ಪಿದರೆ ಶಾಲೆಗೆ ಬರುವ ಅನುದಾನದಲ್ಲಿ ಅಷ್ಟು ಕಡಿತ. ಫಲಿತಾಂಶಕ್ಕೆ ತಕ್ಕ ಹಣ ಎಂಬ ಈ ಲೆಕ್ಕಾಚಾರ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಶಿಕ್ಷಕರು ಪರೀಕ್ಷೆಗೆ ಬೇಕಾದಷ್ಟನ್ನೇ ಗಿಳಿಪಾಠ ಮಾಡಿಸತೊಡಗಿದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಮಕ್ಕಳು ಒಪ್ಪಿಸುತ್ತಾರೆಂಬ ದೂರುಗಳು ಬಂದವು. ಕವಿಯೂ ಸ್ವತಃ ಶಾಲಾ ಇನ್‌ಸ್ಪೆಕ್ಟರನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ತನ್ನ ಸರಕಾರದ ಈ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸಿದನು. ಪದ್ಧತಿ ಮಾತ್ರ ಮೂವತ್ತು ವರ್ಷ ನಡೆಯಿತು. ಬೊಂಬಾಯಿಯ ವಿದ್ಯಾ ಖಾತೆಯೂ ಅನುದಾನ ಕೊಡುವಲ್ಲಿ ಅದೇ ಹಾದಿಯನ್ನು ಹಿಡಿದಿತ್ತು. ಚನ್ನಬಸಪ್ಪನವರು ನೌಕರಿ ಮಾಡಿದ್ದು ಈ ಹವಾಮಾನದಲ್ಲಿ ಎಂಬುದನ್ನು ಮರೆಯಬಾರದು. ಶಾಲೆಯೆಂದರೆ ಅಂಕಿ, ಶಿಕ್ಷಕನೆಂದರೆ ಅಂಕಿಯ ಹೊಣೆಗಾರ ಎಂಬ ಆಲೋಚನೆ ಮೇಲಿನಿಂದ ಇಳಿದು ಬರುತ್ತಿರುವಾಗ ಅವರು ಕೆಳಗಿನಿಂದ ಶಿಕ್ಷಕನ ಕೈಗೆ ಏನು ಕೊಡಬೇಕೆಂದು ಯೋಚಿಸುತ್ತಿದ್ದರು.

ಆ ಯೋಚನೆಯ ಫಲವೇ 1865ರಲ್ಲಿ ಹೊರಟ ಮಠಪತ್ರಿಕೆ. ಹೆಸರು ನೋಡಿ ಇದೊಂದು ಧಾರ್ಮಿಕ ಪತ್ರಿಕೆಯೆಂದು ನಮ್ಮ ಓದುಗರು ತಿಳಿಯುವ ಸಂಭವವಿದೆ. ಮೊದಲೇ ಹೇಳಿದಂತೆ ಇಲ್ಲಿ ಮಠವೆಂದರೆ ಶಾಲೆ. ಕನ್ನಡ ಶಾಲೆಗಳ ಶಿಕ್ಷಕರಿಗಾಗಿ ಚನ್ನಬಸಪ್ಪನವರು ಆರಂಭಿಸಿದ ಮಾಸಪತ್ರಿಕೆ ಅದು. ವೆಂಕಟ ರಂಗೋ ಕಟ್ಟಿಯವರ ಲೇಖನಿಯೂ ಅದರ ಹಿಂದೆ ದುಡಿಯಿತು. ಅದರ ಬೆಲೆಯನ್ನು ತಿಳಿಯಲು ಆ ಕಾಲದ ಹಳ್ಳಿಯ ಶಿಕ್ಷಕನ ಏಕಾಂತವನ್ನು ಊಹಿಸಿಕೊಳ್ಳಬೇಕು. ಊರಿನಲ್ಲಿ ಓದಿದವನು ಅವನೊಬ್ಬನೇ. ಕನ್ನಡದಲ್ಲಿ ಅಚ್ಚಾದ ಪುಸ್ತಕಗಳೇ ವಿರಳ. ಪಾಠ ಸರಿಹೋಯಿತೇ ತಪ್ಪಿತೇ ಎಂದು ಕೇಳಲು ಇನ್ನೊಬ್ಬ ಶಿಕ್ಷಕನಿಲ್ಲ. ವರ್ಷಕ್ಕೊಮ್ಮೆ ಡೆಪ್ಯುಟಿ ಬಂದು ಶೇರಾ ಬರೆದು ಹೋದರೆ ಉಳಿದ ಹನ್ನೊಂದು ತಿಂಗಳು ಅವನು ಕತ್ತಲೆಯಲ್ಲಿಯೇ ನಡೆಯಬೇಕು. ಅಂಥವನ ಮನೆಗೆ ತಿಂಗಳಿಗೊಮ್ಮೆ ಅವನ ಭಾಷೆಯಲ್ಲಿಯೇ, ಅವನ ಕಸುಬನ್ನು ಕುರಿತೇ ಬರೆದ ಪತ್ರಿಕೆ ಬರತೊಡಗಿತು. ಶೇರಾ ಹೋದ ವರ್ಷದ ತಪ್ಪನ್ನು ಹೇಳುತ್ತದೆ, ಪತ್ರಿಕೆ ನಾಳಿನ ಪಾಠಕ್ಕೆ ಒದಗುತ್ತದೆ. ತನ್ನ ವರದಿಯ ಬಲದಿಂದಲೇ ಶಿಕ್ಷಕರನ್ನು ಹೆದರಿಸಿ ಹದ್ದಿನಲ್ಲಿಡಬಹುದಾಗಿದ್ದ ಅಧಿಕಾರಿಯು ಅಷ್ಟಕ್ಕೆ ನಿಲ್ಲದೆ ಇದನ್ನು ಕೈಗೆತ್ತಿಕೊಂಡದ್ದೇ ನನಗೆ ಅವರ ಜೀವನದ ಅತಿ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮರಾಠಿ-ಕನ್ನಡದ ಹೋರಾಟವನ್ನು ಎಲ್ಲರೂ ಸ್ಮರಿಸುತ್ತಾರೆ, ಈ ಪತ್ರಿಕೆಯ ಕೆಲಸವನ್ನು ಸ್ಮರಿಸುವವರು ಕಡಿಮೆ.

ಶರಣ ಪರಂಪರೆಯಲ್ಲಿ ಬೆಳೆದವರಿಗೆ ಈ ರೀತಿ ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಅಲ್ಲಿ ತಪ್ಪನ್ನು ತೋರಿಸಿದವರು ಅದೇ ಒಲೆಯ ಮುಂದೆ ಅದೇ ಅಕ್ಕಿಯನ್ನು ಬೇಯಿಸುವವರು. ತಪ್ಪು ಯಾವುದು, ಈಗ ಏನು ಮಾಡಬೇಕು ಎಂಬೆರಡೂ ಒಂದೇ ಮಾತಿನಲ್ಲಿ ಇದ್ದವು; ಮಾರಯ್ಯನವರ ಮಾನಕ್ಕೆ ಕುಂದು ಬರಲಿಲ್ಲ, ಕಾಯಕವೂ ಶುದ್ಧವಾಯಿತು. ಅನುಭವ ಮಂಟಪದಲ್ಲಿಯೂ ಪ್ರಶ್ನಿಸಿಕೊಳ್ಳದೆ ಕುಳಿತವರಿಲ್ಲ. ಬಸವಣ್ಣನವರಾದಿಯಾಗಿ ಎಲ್ಲರೂ ಪ್ರಶ್ನೆಗೆ ಒಳಗಾದವರೇ. ಕಾಯಕವನ್ನು ಪರೀಕ್ಷಿಸಬಾರದೆಂದು ಶರಣರು ಎಲ್ಲಿಯೂ ಹೇಳಲಿಲ್ಲ. ಪರೀಕ್ಷಿಸುವವನು ಹೊರಗೆ ನಿಂತಿರಬಾರದೆಂಬುದನ್ನು ಅವರ ನಡೆ ತೋರಿಸುತ್ತದೆ.

ಈ ಜೀವನಚರಿತ್ರೆಯನ್ನು ಬೆಂಗಳೂರಿನ ಉತ್ತರ ಭಾಗದಲ್ಲಿ ಕುಳಿತು ಓದುವ ನಮಗೆ ಅದು ನೂರೈವತ್ತು ವರ್ಷದ ಹಿಂದಿನ ಬೆಳಗಾವಿಯ ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಯಲಹಂಕ, ಹೆಬ್ಬಾಳದ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ದುಡಿಯಲು ರಾಯಚೂರು, ಕಲಬುರಗಿಯ ಕಡೆಯಿಂದ, ಆಂಧ್ರದಿಂದ, ಬಿಹಾರ ಒಡಿಶಾಗಳಿಂದ ಬಂದವರ ಮಕ್ಕಳು ಸಮೀಪದ ಸರಕಾರಿ ಶಾಲೆಗೆ ಸೇರುತ್ತಾರೆ. ಒಂದೇ ಕೊಠಡಿಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು, ಹಿಂದಿ. ಕೆಲಸ ಮುಗಿದರೆ ತಾಯಿತಂದೆಗಳು ಬೇರೆಡೆಗೆ ಹೋಗುತ್ತಾರೆ, ವರ್ಷದ ನಡುವೆಯೇ ಹಾಜರಿ ಪುಸ್ತಕದಿಂದ ಹೆಸರು ಕಳಚಿಹೋಗುತ್ತದೆ. ಈ ತರಗತಿಯ ಶಿಕ್ಷಕಿಯ ಸಾಮರ್ಥ್ಯವನ್ನು ಆರ್.ಟಿ. ನಗರದ ಮಧ್ಯಮ ವರ್ಗದ ಮಕ್ಕಳು ಓದುವ ಶಾಲೆಯ ಶೇಕಡಾವಾರು ಫಲಿತಾಂಶದ ಪಕ್ಕದಲ್ಲಿಟ್ಟು ಅಳೆದರೆ, ಮರಾಠಿ ಪುಸ್ತಕ ಹಿಡಿದ ಕನ್ನಡದ ಹುಡುಗನಿಗೂ ಅವನ ಪಂತೋಜಿಗೂ ಅಂದು ಆದ ಅನ್ಯಾಯವೇ ಇಂದೂ ಆಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ಕಡಿಮೆ ಅಂಕದ ಶಾಲೆಗಳಿಗೆ ನೋಟಿಸು ಹೋಗುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಜೂನ್ ತಿಂಗಳಲ್ಲಿ ಬಂದ ಮಗು ಎಲ್ಲಿತ್ತು, ಮಾರ್ಚಿಯಲ್ಲಿ ಎಲ್ಲಿಗೆ ಬಂದಿತು ಎಂಬ ದೂರವನ್ನು ಆ ನೋಟಿಸು ಕೇಳುವುದಿಲ್ಲ. ಶಾಲೆಗಳಿಗೆ ಭೇಟಿಕೊಡಲು ಇಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರೂ ತರಗತಿಯಿಂದಲೇ ಹೋದ ಶಿಕ್ಷಕರು. ಆ ವ್ಯವಸ್ಥೆಯ ಮೂಲ ಉದ್ದೇಶ ಚನ್ನಬಸಪ್ಪನವರ ರೀತಿಗೆ ಬಹಳ ಹತ್ತಿರದ್ದು. ಅವರ ಸಮಯವೆಲ್ಲ ಅಂಕಿಅಂಶ ಸಂಗ್ರಹಿಸಿ ಮೇಲಕ್ಕೆ ಕಳುಹಿಸುವುದರಲ್ಲಿ ತೀರಿಹೋದರೆ, ಪಾಠದ ಕೊನೆಯಲ್ಲಿ ಶಿಕ್ಷಕಿಯ ಪಕ್ಕ ಕುಳಿತು ಮಾತನಾಡಲು ಅರ್ಧ ಗಂಟೆಯೂ ಉಳಿಯುವುದಿಲ್ಲ.

ಚನ್ನಬಸಪ್ಪನವರಲ್ಲಿ ಅಧಿಕಾರಿಯ ಜೊತೆಗೆ ಲೇಖಕರೂ ಇದ್ದರು. ಕನ್ನಡ ಶಾಲೆ ತೆರೆದರೆ ಸಾಲದು, ಓದಲು ಕನ್ನಡದಲ್ಲಿ ಏನಾದರೂ ಇರಬೇಕೆಂಬುದು ಅವರಿಗೆ ತಿಳಿದಿತ್ತು. ಷೇಕ್ಸ್‌ಪಿಯರನ ಒಂದು ನಗೆನಾಟಕವನ್ನು ಆಧರಿಸಿ 1871ರಲ್ಲಿ ಅವರು ಹೊರತಂದ ‘ನಗದವರನ್ನು ನಗಿಸುವ ಕಥೆ’ ಆ ಮಹಾಕವಿಯನ್ನು ಕನ್ನಡಕ್ಕೆ ತಂದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ರೂಪದಲ್ಲಿ ಒಂದೇ ಬಗೆಯಾದ ಅವಳಿಗಳಿಂದ ಉಂಟಾಗುವ ಗೊಂದಲದ ಕಥೆಯದು. ಶಾಲೆಯ ಮಕ್ಕಳೂ ಅವರ ಪಂತೋಜಿಗಳೂ ಓದಿ ನಕ್ಕಿರಬೇಕು. ನಿಷ್ಠುರ ಪರೀಕ್ಷಕನೆಂದು ಭಾವಿಸಬಹುದಾದ ಅಧಿಕಾರಿಯೊಬ್ಬರು ನಗಿಸುವ ಪುಸ್ತಕವನ್ನು ಆರಿಸಿಕೊಂಡದ್ದು ಅವರ ಸ್ವಭಾವವನ್ನು ಕುರಿತು ಸಾಕಷ್ಟನ್ನು ಹೇಳುತ್ತದೆ.

ತಿರುಗಾಟ, ಪರೀಕ್ಷೆ, ವರದಿ, ಪತ್ರಿಕೆ, ಪುಸ್ತಕ ಎಂದು ದುಡಿದ ದೇಹ ಐವತ್ತು ವರ್ಷವನ್ನು ಕಾಣಲಿಲ್ಲ. 1881ರಲ್ಲಿ ಚನ್ನಬಸಪ್ಪನವರು ಲಿಂಗೈಕ್ಯರಾದರು. ಅಷ್ಟರಲ್ಲಿ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಕನ್ನಡ ಶಾಲೆ ಬೇರೂರಿತ್ತು. ಆ ಶಾಲೆಗಳಲ್ಲಿ ಕಲಿತ ಮೊದಲ ತಲೆಮಾರು ಪ್ರಾಯಕ್ಕೆ ಬಂದಿತ್ತು. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಧಾರವಾಡದ ಶಿಕ್ಷಕರೂ ಲೇಖಕರೂ ಆಗಿದ್ದ ಗುರುಬಸಪ್ಪ ಹಳಕಟ್ಟಿಯವರ ಮನೆಯಲ್ಲಿ, ಚನ್ನಬಸಪ್ಪನವರು ತೀರಿಕೊಳ್ಳುವ ಹಿಂದಿನ ವರ್ಷ ಹುಟ್ಟಿದ ಮಗು ಫಕೀರಪ್ಪ. ಮುಂದೆ ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರು ಅವರೇ. 1916ರ ನವೆಂಬರ್ 13ರಂದು ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೊದಲ ಶಾಲೆಯನ್ನು ಆರಂಭಿಸಿದರು. ಆ ಶಾಲೆ ಗಿಲಗಂಚಿ ಮತ್ತು ಅರಟಾಳರ ಹೆಸರನ್ನು ಹೊತ್ತುಕೊಂಡಿದೆ. ಮಠಪತ್ರಿಕೆಯು ಕಾಲಾಂತರದಲ್ಲಿ ಹೆಸರು ಬದಲಿಸಿಕೊಂಡು ‘ಜೀವನ ಶಿಕ್ಷಣ’ ಎಂಬ ಮಾಸಪತ್ರಿಕೆಯಾಗಿ, ಶಿಕ್ಷಕರಿಗಾಗಿಯೇ, ಧಾರವಾಡದಿಂದ ಹೊರಡತೊಡಗಿತು.